ಒಂಬತ್ತು ಬ್ಯಾಟರಿ, ಒಂಬತ್ತು ಮಾಳಿಗೆ

ನಾನು ಬರೆದ ವರದಿಗಳಲ್ಲೆಲ್ಲ ಅತ್ಯಂತ ಅಚ್ಚುಕಟ್ಟಾದದ್ದು ಒಂದೂವರೆ ಪುಟದ್ದು. ಅದರಲ್ಲಿ ಒಂದು ಕಾಗುಣಿತವೂ ತಪ್ಪಿರಲಿಲ್ಲ, ಒಂದು ಪದಕ್ಕೂ ಗೀಟು ಬಿದ್ದಿರಲಿಲ್ಲ. ಆದರೆ ಅದರಲ್ಲಿದ್ದ ಸಂಗತಿ ಮಾತ್ರ ಪೂರ್ತಿ ತಪ್ಪು.

ಇಲಾಖೆಗೆ ಹೊಸದಾಗಿ ಸೇರಿದವರು ಈಗಲೂ ಕೊಟ್ಟೂರಿನ ನನ್ನ ಮನೆಗೆ ಬರುತ್ತಾರೆ. "ನಿಮ್ಮ ಕಾಲದಾಗ ಕೆಲಸ ಹೆಂಗಿತ್ತು ಮೇಡಂ?" ಎಂದು ಕೇಳುತ್ತಾರೆ. ಯಾವಾಗ ಬಡ್ತಿ ಬಂತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದು ಸೇವಾ ಪುಸ್ತಕದಲ್ಲಿದೆ, ಅದನ್ನು ಹೇಳಿ ಯಾರಿಗೆ ಏನಾಗಬೇಕಿದೆ? ನಾನು ಅವರಿಗೆ ಹೇಳುವುದು ಈ ಬ್ಯಾಟರಿಗಳ ಕಥೆ. ಹೇಳುವಾಗ ಇವತ್ತಿಗೂ ನನ್ನ ಧ್ವನಿ ಏರುತ್ತದೆ, ಕೈ ತಾನಾಗಿ ಆಡುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಮಾರಾಟ ತೆರಿಗೆ ಇನ್‌ಸ್ಪೆಕ್ಟರ್. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ರಸ್ತೆಗಳಲ್ಲಿ ಜೀಪಿನಲ್ಲಿ ಓಡಾಡಿ, ಸರಕಿನ ಗಾಡಿಗಳನ್ನು ನಿಲ್ಲಿಸಿ ಬಿಲ್ ನೋಡುವುದು ನನ್ನ ಕೆಲಸ. ಹೆಂಗಸು ಕೈ ಅಡ್ಡ ಹಿಡಿದರೆ ಲಾರಿಯವರು ಮೊದಮೊದಲು ಲಿಫ್ಟ್ ಕೇಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಆಮೇಲೆ ದೂರದಿಂದಲೇ ಗುರುತು ಹಿಡಿದು ನಿಲ್ಲಿಸತೊಡಗಿದರು. ನನಗೂ ಸ್ವಲ್ಪ ಜಂಬ ಬಂದಿತ್ತು ಅನ್ನಿ.

ಆಗ ಮನೆಗೆ ಹಾಕುವ ಸೋಲಾರ್ ದೀಪ ನಮ್ಮ ಕಡೆ ಹೊಸದು. ಕರೆಂಟಿನ ಕಂಬ ಬಾರದ ಊರುಗಳಲ್ಲಿ ಅದು ಹರಡಲಿ ಎಂದು ಸೋಲಾರ್ ದೀಪದ ಸೆಟ್ಟಿಗೆ ಮಾರಾಟ ತೆರಿಗೆಯ ವಿನಾಯಿತಿ ಇತ್ತು. ಬ್ಯಾಟರಿಯನ್ನು ಬಿಡಿಯಾಗಿ ಮಾರಿದರೆ, ಅಂದರೆ ಲಾರಿಗೋ ಟ್ರ್ಯಾಕ್ಟರಿಗೋ ಹಾಕುವಂತೆ ಮಾರಿದರೆ, ಪೂರ್ತಿ ತೆರಿಗೆ. ಕಾಗದದ ಮೇಲೆ ಎಷ್ಟು ಸರಳ ನೋಡಿ!

ಒಂದು ಬೆಳಗ್ಗೆ ಹಗರಿಬೊಮ್ಮನಹಳ್ಳಿಯಿಂದ ಹಂಪಸಾಗರದ ಕಡೆ ಹೊರಟಿದ್ದ ಟೆಂಪೊ ಒಂದನ್ನು ನಿಲ್ಲಿಸಿದೆ. ಹಿಂದೆ ಹುಲ್ಲಿನ ನಡುವೆ ಒಂಬತ್ತು ದೊಡ್ಡ ಬ್ಯಾಟರಿಗಳು. ಬಿಲ್ಲಿನಲ್ಲಿ 'ಸೋಲಾರ್ ಮನೆ ದೀಪದ ಸೆಟ್, ಒಂಬತ್ತು' ಎಂದಿತ್ತು, ಕೆಳಗೆ ಒಂಬತ್ತು ಗಿರಾಕಿಗಳ ಹೆಸರು. ತೆರಿಗೆ ಹಾಕಿರಲಿಲ್ಲ. ಮುಂದಿನ ಸೀಟಿನಿಂದ ಐವತ್ತರ ಹತ್ತಿರದ, ಬಿಳಿ ಗಡ್ಡದ ಮನುಷ್ಯ ಇಳಿದು ಬಂದ. ಹೆಸರು ಖಾದರ್ ಸಾಬ್. ಹಗರಿಬೊಮ್ಮನಹಳ್ಳಿಯಲ್ಲಿ ಲಾರಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದವನು, ಈಗ ಸೋಲಾರ್ ಕೂಡಿಸುವ ಕೆಲಸ ಹಿಡಿದಿದ್ದ.

"ಸೋಲಾರ್ ಎಲ್ಲೈತ್ರಿ? ಬರೇ ಬ್ಯಾಟರಿ ಅದಾವಲ್ಲ" ಎಂದೆ.

"ಪ್ಯಾನೆಲ್ಲು, ದೀಪ ಎಲ್ಲಾ ನಿನ್ನೇನ ಹೋಗ್ಯಾವ್ರಿ ಮೇಡಂ. ಗಾಜು, ಆ್ಯಸಿಡ್ಡು ಒಂದ ಗಾಡ್ಯಾಗ ಹಾಕಬಾರದ್ರಿ. ಒಂದು ಕುಣಿ ಜಿಗಿದ್ರ ಎರಡೂ ಹಾಳಾಗ್ತಾವ."

'ನಿನ್ನೇನ ಹೋಗ್ಯಾವ' ಎಂಬ ಮಾತನ್ನು ನಾನು ದಿನಕ್ಕೆ ಹತ್ತು ಬಾಯಿಂದ ಕೇಳುತ್ತಿದ್ದೆ. ಹನ್ನೊಂದನೆಯದು ಇದು ಅಂದುಕೊಂಡೆ. ಹಂಪಸಾಗರ ಅಲ್ಲಿಂದ ಜೀಪಿನಲ್ಲಿ ಅರ್ಧ ತಾಸಿನ ದಾರಿ. ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಬ್ಯಾಟರಿಗಳನ್ನು ತಡೆಹಿಡಿದು ಕಚೇರಿಯ ಅಂಗಳಕ್ಕೆ ತಂದು ಇಳಿಸಿದೆ. ಅವತ್ತೇ ಮಧ್ಯಾಹ್ನ ಆ ಒಂದೂವರೆ ಪುಟ ಬರೆದೆ: ಬ್ಯಾಟರಿ ಎಂದರೆ ಬ್ಯಾಟರಿ, ಅದನ್ನು ಸೋಲಾರ್ ಎಂದು ಕರೆದ ಮಾತ್ರಕ್ಕೆ ಸೋಲಾರ್ ಆಗುವುದಿಲ್ಲ, ಇದು ವಿನಾಯಿತಿಯ ದುರುಪಯೋಗ.

ನಮ್ಮ ಅಧಿಕಾರಿ ನಂಜೇಗೌಡ ಸಾಹೇಬರು ಮಂಡ್ಯ ಕಡೆಯವರು. ಕಟ್ಟುನಿಟ್ಟಿನ ಮನುಷ್ಯ. ಓದಿ ಕನ್ನಡಕ ತೆಗೆದು, "ಚೆನ್ನಾಗಿ ಬರ್ದಿದ್ದೀರಮ್ಮ" ಎಂದರು. ಅವರ ಬಾಯಿಂದ ಆ ಮಾತು ಬರುವುದು ಅಪರೂಪ. ನಾನು ಆ ಸಂಜೆ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಊರಿಗೆ ಹೋದೆ.

ಮೂರನೆಯ ದಿನ ಖಾದರ್ ಸಾಬ್ ತನ್ನ ಟಿವಿಎಸ್ ಗಾಡಿಯ ಹಿಂದೆ ಅಂಗಡಿಯಲ್ಲಿದ್ದ ಇನ್ನೊಂದು ಸೋಲಾರ್ ಪ್ಯಾನೆಲ್ಲನ್ನು ಕೌದಿಯಲ್ಲಿ ಸುತ್ತಿ ಕಟ್ಟಿಕೊಂಡು ಕಚೇರಿಗೆ ಬಂದ. ಸಾಹೇಬರ ಮುಂದೆ ಕೈ ಮುಗಿದು ನಿಂತ.

"ಸಾಹೇಬ್ರ, ನನ್ನ ಕೇಸು ನೀವು ಯಾವಾಗರ ಮಾಡ್ರಿ. ಆದ್ರ ಬ್ಯಾಟರಿ ಉಪವಾಸ ಅದಾವ್ರಿ. ಆ್ಯಸಿಡ್ ತುಂಬಿದ ಮ್ಯಾಲ ಚಾರ್ಜ್ ಇಲ್ಲದ ಬಿಟ್ರ ಒಳಗಿನ ತಗಡು ಬೆಳ್ಳಗಾಗಿ ಸತ್ತ ಹೋಗ್ತಾವ. ನಿಮ್ಮ ಅಂಗಳದಾಗ ಈ ಪ್ಯಾನೆಲ್ ಇಟ್ಟು ಅವಕ್ಕ ಊಟ ಹಾಕ್ತೀನ್ರಿ. ಅಷ್ಟಕ್ಕ ಪರ್ಮಿಷನ್ ಕೊಡ್ರಿ."

"ತಡೆ ಹಿಡಿದ ಮಾಲು ಮುಟ್ಟೋ ಹಾಗಿಲ್ಲ ಕಣಯ್ಯ" ಎಂದರು ಸಾಹೇಬರು.

"ಸತ್ತ ಮಾಲು ಇಟ್ಕೊಂಡು ನೀವರ ಏನ್ ಮಾಡ್ತೀರ್ರಿ ಸಾಹೇಬ್ರ?"

ಸಾಹೇಬರು ಯೋಚಿಸಿದರು. ಮಾಲು ನಮ್ಮ ವಶದಲ್ಲಿದ್ದಾಗ ಹಾಳಾದರೆ ಜವಾಬ್ದಾರಿ ನಮ್ಮದು. ನನ್ನ ಕಡೆ ತಿರುಗಿ, "ಹಿಡಿದೋರು ನೀವೇ, ಕಾಯೋರೂ ನೀವೇ. ಪಕ್ಕದಲ್ಲಿ ನಿಂತು ನೋಡ್ಕೊಳ್ಳಿ" ಎಂದರು.

ಹೀಗೆ ಶುರುವಾಯಿತು ನನ್ನ ಪಾಠ. ಕಾಲೇಜಿನಲ್ಲಿ ಓದಿದ್ದು ವಾಣಿಜ್ಯ. ಬ್ಯಾಟರಿ ಒಳಗೆ ಏನಿರುತ್ತದೆ ಎಂದು ನನಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ಖಾದರ್ ಸಾಬ್ ದಿನಾ ಬೆಳಗ್ಗೆ ಬಂದು ಪ್ಯಾನೆಲ್ಲನ್ನು ದಕ್ಷಿಣಕ್ಕೆ ಓರೆಯಾಗಿ ನಿಲ್ಲಿಸುತ್ತಿದ್ದ. ಸರದಿಯ ಮೇಲೆ ಒಂದೊಂದೇ ಬ್ಯಾಟರಿಗೆ ತಂತಿ ಕೊಡುತ್ತಿದ್ದ. ನಡುವೆ ಅಂಗೈ ಅಗಲದ ಒಂದು ಪೆಟ್ಟಿಗೆ, ಅದರಲ್ಲಿ ಹಸಿರು ದೀಪ. ಗಾಜಿನ ಕೊಳವೆಯಲ್ಲಿ ಆ್ಯಸಿಡ್ ಹೀರಿ, ಒಳಗಿನ ತೇಲು ಎಷ್ಟು ಮೇಲೆ ಬಂತು ಎಂದು ನೋಡಿ, "ಹೊಟ್ಟಿ ಅರ್ಧ ತುಂಬೈತಿ" ಎನ್ನುತ್ತಿದ್ದ. ಮೂರು ದಿನಕ್ಕೆ ನಾನೇ ಕೊಳವೆ ಇಸಿದುಕೊಂಡು ನೋಡತೊಡಗಿದೆ. ತೇಲು ಏರಿದರೆ ನನಗೆ ಒಳಗೊಳಗೇ ಖುಷಿ! ನಾನು ಹಿಡಿದ ಮಾಲು, ನಾನೇ ಅದರ ಆರೋಗ್ಯ ವಿಚಾರಿಸುತ್ತಿದ್ದೆ.

"ಲಾರಿ ಬ್ಯಾಟರಿಗೂ ಇದಕ್ಕೂ ಏನು ಫರಕ್ಕು?" ಎಂದು ಒಂದು ದಿನ ಕೇಳಿದೆ.

"ಲಾರಿದು ಒಂದ ಏಟಿಗೆ ಎಲ್ಲಾ ಜೋರು ತೋರಿಸ್ತೈತ್ರಿ, ಇಂಜಿನ್ ಎಬ್ಬಸಾಕ. ಇದು ಹಂಗಲ್ಲ. ಹಗಲೆಲ್ಲಾ ತಿಂದು, ಸಂಜಿಯಿಂದ ಸಾವಕಾಶ ಕೊಡ್ತೈತಿ. ಇದನ್ನ ಲಾರಿಗೆ ಹಾಕಿದ್ರ ಡ್ರೈವರ್ ನನ್ನ ಹೊಡ್ಯಾಕ ಬರ್ತಾನ" ಎಂದು ನಕ್ಕ. ಆಮೇಲೆ ನಗು ನಿಂತಿತು. "ಹಂಪಸಾಗರದೋರು ದಿನಾ ಬಂದು ಅಂಗಡಿ ಮುಂದ ಕುಂದರ್ತಾರ್ರಿ. ಲಗ್ನದ ಸೀಜನ್ ಒಳಗ ದೀಪ ಹಚ್ಚಿಕೊಡ್ತೀನಿ ಅಂತ ಮಾತು ಕೊಟ್ಟೀನಿ. ಸಾಬ ನಮ್ಮ ಬ್ಯಾಟರಿ ಬ್ಯಾರೆ ಕಡೆ ಮಾರ್ಕೊಂಡಾನ ಅಂತ ಒಬ್ಬ ಅಂದ. ಇಪ್ಪತ್ತೈದು ವರ್ಷ ಅಂಗಡಿ ಇಟ್ಟೀನ್ರಿ ಮೇಡಂ. ಹಂಗ ಅನಿಸ್ಕೊಂಡಿರಲಿಲ್ಲ."

ನಾನು ಮುಂದಿನ ಬ್ಯಾಟರಿಯ ಕಡೆ ಬಗ್ಗಿದೆ. ಗಾಜಿನ ಕೊಳವೆ ಕೈಯಲ್ಲೇ ಇತ್ತು.

ಅದೇ ವಾರ ಒಂದು ಸಂಜೆ ಆರೂವರೆಗೆ ಕರೆಂಟು ಹೋಯಿತು. ಮೇಲಿನ ಕಚೇರಿಗೆ ಹೋಗಬೇಕಾದ ತಃಖ್ತೆ, ಅಂದರೆ ಲೆಕ್ಕದ ಪಟ್ಟಿ, ಟೈಪಾಗುತ್ತಿತ್ತು. ಕಾರ್ಬನ್ ಹಾಳೆ ಇಟ್ಟು ನಾಲ್ಕು ಪ್ರತಿ ತೆಗೆಯುವ ಕಾಲ ಅದು. ನಡುವೆ ನಿಂತರೆ ಮೊದಲಿನಿಂದ ಶುರುಮಾಡಬೇಕು. ಖಾದರ್ ಸಾಬ್ ಹೊರಡಲು ಗಾಡಿ ಏರಿದ್ದವನು ಇಳಿದು ಬಂದು, ಒಂದು ಬ್ಯಾಟರಿಗೆ ಸಣ್ಣ ಟ್ಯೂಬ್ ದೀಪ ಕಟ್ಟಿ ಟೈಪಿಸ್ಟ್ ಮೇಜಿನ ಮೇಲಿಟ್ಟ. ಕೋಣೆ ಹಾಲು ಚೆಲ್ಲಿದಂತೆ ಬೆಳಗಿತು. ನಾವೆಲ್ಲ "ಓಹೋ" ಎಂದೆವು. ಸಾಹೇಬರು ಒಳಗಿನಿಂದ ಬಂದವರೇ ದೀಪ ನೋಡಿದರು, ತಂತಿ ನೋಡಿದರು, ಬ್ಯಾಟರಿ ನೋಡಿದರು.

"ಆರಿಸಿ ಅದನ್ನ! ತಡೆ ಹಿಡಿದ ಮಾಲಿನ ಬೆಳಕಲ್ಲಿ ಸರ್ಕಾರಿ ಕೆಲಸ ಮಾಡ್ತೀರಾ?"

ಆರಿಸಿದೆವು. ಮೇಣದ ಬತ್ತಿ ಹಚ್ಚಿದೆವು. ಆದರೆ ಸಾಹೇಬರು ಒಳಗೆ ಹೋಗುವ ಮುಂಚೆ ಆ ಟ್ಯೂಬಿನ ಕಡೆ ಇನ್ನೊಮ್ಮೆ ನೋಡಿದ್ದನ್ನು ನಾನು ಕಂಡೆ.

ಆ ಭಾನುವಾರ ಯಾರಿಗೂ ಹೇಳದೆ ಬಸ್ಸು ಹಿಡಿದು ಹಂಪಸಾಗರಕ್ಕೆ ಹೋದೆ. ಅಲ್ಲಿಂದ ಹಿನ್ನೀರಿನ ಕಡೆ ಹೊಲಗಳ ನಡುವೆ ನಡೆದೆ. ದೂರದಿಂದಲೇ ಕಂಡವು ಒಂಬತ್ತು ಮಾಳಿಗೆ ಮನೆಗಳು. ಒಂದೊಂದರ ಚಪ್ಪಟೆ ಮಣ್ಣಿನ ಮಾಳಿಗೆಯ ಮೇಲೂ ಒಂದೊಂದು ಪ್ಯಾನೆಲ್, ಎಲ್ಲವೂ ದಕ್ಷಿಣಕ್ಕೆ ಮುಖ ಮಾಡಿ ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು. ಮೊದಲನೆಯ ಮನೆಯಲ್ಲಿ ನಾಗವ್ವ ಎಂಬಾಕೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಸುತ್ತಲಿನ ಊರುಗಳ ಮದುವೆ ಕುಪ್ಪಸಗಳೆಲ್ಲ ಆಕೆಯ ಕೈಯಲ್ಲೇ ಆಗುವುದಂತೆ. ಗೋಡೆಯ ಮೇಲೆ ಟ್ಯೂಬ್ ದೀಪ, ಅದರ ಕೆಳಗೆ ಅದೇ ಅಂಗೈ ಅಗಲದ ಪೆಟ್ಟಿಗೆ. ಪೆಟ್ಟಿಗೆಯಿಂದ ಇಳಿದ ಎರಡು ತಂತಿಗಳು ನೆಲದ ಹತ್ತಿರ ಸುಮ್ಮನೆ ಜೋತಾಡುತ್ತಿದ್ದವು.

"ಇದರ ತುದಿಗೆ ಏನಿಲ್ಲಲ್ಲವ್ವ?" ಎಂದೆ.

"ಬ್ಯಾಟರಿ ಬರಬೇಕ್ರಿ. ದಾರ್ಯಾಗ ಯಾರೋ ತೆರಿಗಿ ಆಫೀಸಿನಾಕಿ ಹಿಡದು ಇಟ್ಕೊಂಡಾಳಂತ. ಹಗಲೊತ್ತು ನನಗ ದೀಪ ಯಾಕ ಬೇಕ್ರಿ? ಕತ್ತಲಾದ ಮ್ಯಾಲ ಕುಪ್ಪಸದ ಕೆಲಸ ನಿಲ್ತೈತಿ. ಚಿಮಣಿ ಬುಡ್ಡಿಗೆ ಕಣ್ಣು ಉರಿ ಬರ್ತಾವ. ನೀವ್ಯಾರು ಗೊತ್ತಾಗಲಿಲ್ಲ?"

"ಆಕಿ ನಾನವ್ವ" ಎಂದೆ.

ನಾಗವ್ವ ಯಂತ್ರದ ಚಕ್ರದ ಮೇಲೆ ಕೈ ಇಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಎದ್ದು ಒಂದು ಏಣಿ ತಂದು ಗೋಡೆಗೆ ಒರಗಿಸಿದಳು.

"ಬಂದೀರಂದ್ರ ಹತ್ತಿ ನೋಡೇ ಹೋಗ್ರಿ."

ಸೀರೆ ಸಿಕ್ಕಿಸಿಕೊಂಡು ಹತ್ತಿದೆ. ಒಂಬತ್ತೂ ಮಾಳಿಗೆ ಹತ್ತಿದೆ. ಪ್ರತಿ ಪ್ಯಾನೆಲ್ಲಿನ ಹಿಂದಿದ್ದ ನಂಬರು, ಮನೆಯವರ ಹೆಸರು ಬರೆದುಕೊಂಡೆ. ಖಾದರ್ ಸಾಬನ ಬಿಲ್ಲಿನಲ್ಲಿದ್ದವೂ ಅವೇ ಒಂಬತ್ತು ಹೆಸರುಗಳು. ಬಸ್ಸಿನಲ್ಲಿ ವಾಪಸು ಬರುವಾಗ ಕಾಲು ನೋಯುತ್ತಿದ್ದವು, ಆದರೆ ಎದ್ದು ಕೂಗಬೇಕು ಅನ್ನಿಸುತ್ತಿತ್ತು. ನನ್ನ ವರದಿ ತಪ್ಪು ಎಂದು ಗೊತ್ತಾದ ದಿನ ಅಷ್ಟು ಸಂತೋಷ ಯಾಕಾಯಿತು? ಕಣ್ಣಾರೆ ಕಂಡು ತಿಳಿದುಕೊಂಡದ್ದು ಅದೇ ಮೊದಲು, ಬಹುಶಃ ಅದಕ್ಕೇ.

ಸೋಮವಾರ ಎರಡನೆಯ ವರದಿ ಬರೆದೆ. ಗೀಟುಗಳೇನು, ತಿದ್ದುಪಡಿಗಳೇನು! ಸಾಹೇಬರ ಮುಖ ಕೆಂಪಾಯಿತು.

"ಹೋದ ವಾರ ಹಾಗೆ ಬರೆದ್ರಿ, ಈ ವಾರ ಹೀಗೆ. ದಿನಾ ಆ ಮನುಷ್ಯ ಅಂಗಳದಲ್ಲಿ ನಿಮ್ಮ ಜೊತೆ ಮಾತಾಡ್ತಾ ನಿಂತಿರ್ತಾನೆ. ಈಗ ಇದು ಬಂತು. ನೋಡೋರು ಏನಂದ್ಕೊತಾರೆ ಗೊತ್ತಾ ನಿಮಗೆ?"

ಗೊತ್ತಿತ್ತು. ಮೊದಲ ವರದಿಯನ್ನು ಹರಿದು ಹಾಕಿ ಎಂದು ಸಾಹೇಬರು ಹೇಳಲಿಲ್ಲ, ನಾನೂ ಕೇಳಲಿಲ್ಲ. "ಎರಡೂ ಫೈಲಿನಲ್ಲಿರಲಿ ಸಾರ್. ತಪ್ಪು ಮಾಡಿದ್ದೂ ನಾನೇ, ನೋಡಿ ಬಂದಿದ್ದೂ ನಾನೇ. ಅಂದ್ಕೊಳ್ಳೋರು ಎರಡನ್ನೂ ಓದಿ ಅಂದ್ಕೊಳ್ಳಲಿ" ಎಂದೆ.

ಸಾಹೇಬರು ಎದ್ದರು. ಬೀರುವಿನಿಂದ ವಿನಾಯಿತಿಯ ಆದೇಶ ತೆಗೆದು ಓದಿದರು. ಒಂದು ಪದದ ಮೇಲೆ ಬೆರಳಿಟ್ಟರು. "ಪ್ಯಾನೆಲ್ ಅಂತಿಲ್ಲ ಇಲ್ಲಿ. ಸೌರ ದೀಪ ವ್ಯವಸ್ಥೆ ಅಂತಿದೆ. ಬ್ಯಾಟರಿ ಈ ವ್ಯವಸ್ಥೆಯ ಒಳಗೋ ಹೊರಗೋ? ಅದೊಂದು ಗೊತ್ತಾದ್ರೆ ಮುಗೀತು. ನಡೀರಿ, ನಾನೇ ನೋಡ್ತೀನಿ."

ಮರುದಿನ ಮಧ್ಯಾಹ್ನ ಒಂದು ಬ್ಯಾಟರಿ ಜೀಪಿನಲ್ಲಿ ಹೊರಟಿತು. ಹಿಂದೆ ಖಾದರ್ ಸಾಬ್ ತನ್ನ ಟಿವಿಎಸ್‌ನಲ್ಲಿ. ನಾಗವ್ವನ ಮನೆಯಲ್ಲಿ ಅವನು ತಂತಿ ಜೋಡಿಸುವಾಗ ಒಂಬತ್ತು ಮನೆಯವರೂ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಯಾರೂ ಅವನ ಜೊತೆ ಮಾತಾಡಲಿಲ್ಲ. ಹೊತ್ತು ಮುಳುಗುವವರೆಗೂ ಕಾಯಬೇಕೆಂದು ಸಾಹೇಬರು ಹೇಳಿದರು. ಕಾದೆವು. ಮಾಳಿಗೆ ಮನೆಯೊಳಗೆ ಕತ್ತಲು ಬೇಗ ಇಳಿಯುತ್ತದೆ.

"ಹಾಕು" ಎಂದರು ಸಾಹೇಬರು.

ಟ್ಯೂಬು ಹತ್ತಿತು. ಬಾಗಿಲಲ್ಲಿದ್ದ ಮುಖಗಳೆಲ್ಲ ಒಮ್ಮೆಗೇ ಕಂಡವು. ಯಾರೋ ಶಿಳ್ಳೆ ಹೊಡೆದರು.

"ಈಗ ಬ್ಯಾಟರಿ ತಂತಿ ಬಿಚ್ಚು. ಪ್ಯಾನೆಲ್ದು ಹಾಗೇ ಇರಲಿ."

ಖಾದರ್ ಸಾಬ್ ಬಿಚ್ಚಿದ. ಕತ್ತಲು.

"ಸಾಹೇಬ್ರ," ಕತ್ತಲಲ್ಲಿ ಅವನ ಧ್ವನಿ ಬಂತು, "ಸೂರ್ಯಪ್ಪ ಮನಿಗೆ ಹೋಗ್ಯಾನ. ಈಗ ಮ್ಯಾಲಿರೋದು ಬರೇ ಗಾಜು. ಬ್ಯಾಟರಿ ಇದ್ರ ಅಷ್ಟ ಅದು ದೀಪ."

"ಹಾಕಯ್ಯ, ಹಾಕು."

ಮತ್ತೆ ಬೆಳಕಾಯಿತು. ಸಾಹೇಬರು ನಾಗವ್ವನ ಹೊಲಿಗೆ ಯಂತ್ರದ ಹಲಗೆಯ ಮೇಲೆ ಕಾಗದ ಇಟ್ಟು ನನ್ನ ಕಡೆ ನೋಡಿದರು. "ಬರ್ಕೊಳ್ಳಿ. ಬ್ಯಾಟರಿ ಇಲ್ಲದೆ ಸದರಿ ವ್ಯವಸ್ಥೆಯು ದೀಪವನ್ನು ಬೆಳಗಿಸಲಾರದು. ಆದ್ದರಿಂದ ಪ್ಯಾನೆಲ್ಲಿನೊಂದಿಗೆ ಅದೇ ಗ್ರಾಹಕರಿಗೆ, ಅದೇ ಬಿಲ್ಲಿನಲ್ಲಿ ಮಾರಲಾದ ಬ್ಯಾಟರಿಯು ವ್ಯವಸ್ಥೆಯ ಭಾಗವೇ ಆಗಿರುತ್ತದೆ." ನಾನು ಬರೆಯುತ್ತಿದ್ದೆ, ನನ್ನ ಅಕ್ಷರ ಕುಣಿಯುತ್ತಿದ್ದವು. ಹಿಂದಿನಿಂದ ಒಬ್ಬಾತ ಬಂದು ಖಾದರ್ ಸಾಬನ ಹೆಗಲ ಮೇಲೆ ಕೈ ಇಟ್ಟ. "ತಪ್ಪು ತಿಳ್ಕೊಂಡಿದ್ದೆ ಮಾವ" ಎಂದ. ಖಾದರ್ ಸಾಬ್ ಆ ಕಡೆ ತಿರುಗಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಿದ್ದನೋ, ಸ್ಕ್ರೂ ಬಿಗಿಮಾಡುತ್ತಿದ್ದನೋ ಕಾಣಲಿಲ್ಲ.

ಉಳಿದ ಎಂಟು ಬ್ಯಾಟರಿ ಮರುದಿನ ಹೋದವು. ಎಲ್ಲವೂ ಹೊಟ್ಟೆ ತುಂಬಿಕೊಂಡೇ ಹೋದವು.

ಈ ಕಥೆಯಿಂದ ನಾನು ಮೆತ್ತಗಾದೆ ಎಂದು ತಿಳಿಯಬೇಡಿ. ಎರಡು ವರ್ಷದ ಮೇಲೆ ಹರಪನಹಳ್ಳಿ ಕಡೆಗೆ ವರ್ಗವಾಯಿತು. ಅಲ್ಲೊಬ್ಬ ವ್ಯಾಪಾರಿಯ ಬಿಲ್ ಪುಸ್ತಕದ ತುಂಬ ಸೋಲಾರ್ ಸೆಟ್ಟುಗಳು. ಬಿಲ್ಲುಗಳು ಬಲು ಸೊಗಸಾಗಿದ್ದವು. ಹೆಸರು, ಊರು, ಎಲ್ಲ ಸರಿ. ಅಲ್ಲಿನ ಹಲವಾಗಲು ಗ್ರಾಮಕ್ಕೆ ಹೋಗಿ ಬಿಲ್ಲಿನಲ್ಲಿದ್ದ ಮನೆಗಳ ಮಾಳಿಗೆ ಹತ್ತಿದೆ. ಒಂದರ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಇನ್ನೊಂದರ ಮೇಲೆ ಶಾವಿಗೆ. ಪ್ಯಾನೆಲ್ ಎಲ್ಲೂ ಇಲ್ಲ. ಕೆಳಗಿಳಿದು ಅಂಗಳದಲ್ಲಿದ್ದ ಟ್ರ್ಯಾಕ್ಟರಿನ ಮುಚ್ಚಳ ಎತ್ತಿಸಿದೆ. ಬಿಲ್ಲಿನ ಬ್ಯಾಟರಿ ಅಲ್ಲಿ ಕೂತಿತ್ತು!

ಕರೆಸಿ ಕೇಳಿದರೆ ವ್ಯಾಪಾರಿ ಸ್ವಲ್ಪವೂ ಅಳುಕಲಿಲ್ಲ. "ಟ್ರ್ಯಾಕ್ಟ್ರು ಹಗಲೊತ್ತು ಬಿಸಿಲಾಗೇ ಓಡ್ತೈತಲ್ರಿ ಮೇಡಂ, ಅದೂ ಒಂಥರ ಸೋಲಾರೇ" ಎಂದ. ನನಗೆ ನಗು ತಡೆಯಲಾಗಲಿಲ್ಲ. ನಕ್ಕೇ ತೆರಿಗೆ ಹಾಕಿದೆ, ದಂಡವನ್ನೂ ಹಾಕಿದೆ. ಕಾಗದ ಎರಡೂ ಕಡೆ ಸುಳ್ಳು ಹೇಳಬಲ್ಲದು ಎಂದು ಆ ದಿನ ತಿಳಿಯಿತು. ಹಂಪಸಾಗರದಲ್ಲಿ ನನ್ನ ವರದಿ ಸಾಚಾ ಮಾಲನ್ನು ಕಳ್ಳಮಾಲಿನಂತೆ ತೋರಿಸಿತ್ತು, ಇಲ್ಲಿ ಬಿಲ್ಲು ಕಳ್ಳಮಾಲನ್ನು ಸಾಚಾ ಮಾಡಿತ್ತು. ಆಮೇಲೆ ಮಾರಾಟ ತೆರಿಗೆ ಹೋಗಿ ವ್ಯಾಟ್ ಬಂತು, ಪಟ್ಟಿಗಳು ಬದಲಾದವು, ಕಂಪ್ಯೂಟರ್ ಬಂತು. ನನ್ನ ಕಾಲದ ವಿನಾಯಿತಿಯ ಮಾತನ್ನು ನೀವು ಈಗ ನಂಬಿ ಕೂರಬೇಡಿ, ನಿಮ್ಮ ಕಾಲದ ಆದೇಶವನ್ನು ಪದಪದವಾಗಿ ಓದಿ. ಓದಿದ ಮೇಲೆ ಏಣಿ ಹತ್ತಿ.

ವ್ಯಾಟ್ ಬರುವ ಸ್ವಲ್ಪ ಮುಂಚೆ ನಾನು ಮತ್ತೆ ಹಗರಿಬೊಮ್ಮನಹಳ್ಳಿ ಕಡೆಗೇ ಬಂದಿದ್ದೆ. ಒಂದು ಮಧ್ಯಾಹ್ನ ಖಾದರ್ ಸಾಬ್ ನಾಗವ್ವನನ್ನು ಕರೆದುಕೊಂಡು ಕಚೇರಿಗೆ ಬಂದ. ಆಕೆಯ ಬ್ಯಾಟರಿಗೆ ವಯಸ್ಸಾಗಿತ್ತು, ಹೊಸದು ಬೇಕಿತ್ತು. ಒಂಬತ್ತು ಮನೆಯವರದೂ ಅದೇ ಪಾಡು.

"ಮೊದಲ ಸಲ ತೆರಿಗಿ ಇರಲಿಲ್ಲಲ್ರಿ. ಈಗ ಸಾಬ್ರು ಐತಿ ಅಂತಾರ. ಖರೇ ಏನ್ರಿ?" ಎಂದಳು ನಾಗವ್ವ.

ಆ ಪ್ರಶ್ನೆ ಬಂದೀತು ಎಂದು ನಾನು ವರ್ಷಗಳಿಂದ ಹೆದರಿದ್ದೆ. ಸೆಟ್ಟಿನ ಜೊತೆ ಮಾರಿದ್ದಕ್ಕೆ ವಿನಾಯಿತಿ. ಬಿಡಿಯಾಗಿ ಕೊಂಡ ಬ್ಯಾಟರಿಗೆ ಆದೇಶದಲ್ಲಿ ಜಾಗವಿರಲಿಲ್ಲ. ಮೂರು ಸಲ ಓದಿದ್ದೆ, ಮೇಲಿನವರನ್ನು ಕೇಳಿದ್ದೆ. ಆಕೆಯ ಮಾಳಿಗೆಯ ಪ್ಯಾನೆಲ್ ನಾನೇ ಮುಟ್ಟಿ ನೋಡಿದ್ದು. ಆದರೂ ಇಷ್ಟಪಟ್ಟವರಿಗೆ ಒಂದು, ಬೇರೆಯವರಿಗೆ ಒಂದು ಓದಲು ಬರುವುದಿಲ್ಲ.

"ಖರೇ ಐತಿ ನಾಗವ್ವ. ಈ ಸಲ ಕೊಡಬೇಕು" ಎಂದೆ. ಮುಖ ಎತ್ತಲಾಗಲಿಲ್ಲ.

"ಕೊಡೂದ ಐತೇನು?" ಎಂದಳು ಆಕೆ. ಒಂದು ಕ್ಷಣ ಯೋಚಿಸಿದಳು. "ಬಿಲ್ಲಿನಾಗ ಬರ್ಕೊಡ್ತಾರೇನ್ರಿ, ನಾಗವ್ವ ಸರಕಾರಕ್ಕ ತೆರಿಗಿ ಕೊಟ್ಟಾಳ ಅಂತ?"

"ಬರೀತಾರ. ಬರೀಲೇಬೇಕು."

"ಒಂಬತ್ತು ಮನಿಯೋರದೂ?"

"ಒಂಬತ್ತೂ ಮನಿಯೋರದು."

ಆಕೆಯ ಮುಖ ಅರಳಿದ ಬಗೆ ನಾನು ಮರೆಯಲಾರೆ. ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. "ಹಂಗಾರ ಮೇಡಂ, ಒಂದು ಅರ್ಜಿ ಬರ್ಕೊಡ್ರಿ. ಕಂಬ ಕೇಳಾಕ ಹೋದಾಗೆಲ್ಲ ಮುಂದಿನ ವರ್ಷ ನೋಡೂಣು ಅಂತ ಕಳಿಸ್ತಾರ. ಈ ಸಲ ಒಂಬತ್ತು ಬಿಲ್ ಹಚ್ಚೇ ಕೊಡ್ತೀವಿ."

ಖಾದರ್ ಸಾಬ್ ಬಾಯಿ ಬಿಟ್ಟು ನೋಡಿದ. ಕಂಬ ಬಂದರೆ ಅವನ ವ್ಯಾಪಾರಕ್ಕೇ ಏಟು. ಆದರೂ ತನ್ನ ಜೇಬಿನ ಪೆನ್ನು ತೆಗೆದು ನನ್ನ ಮುಂದಿಟ್ಟವನು ಅವನೇ.

ನಾನು ಸರ್ಕಾರಿ ನೌಕರೆ, ಬೇರೆ ಇಲಾಖೆಗೆ ಜನರ ಅರ್ಜಿ ಬರೆದುಕೊಡುವುದು ನನ್ನ ಕೆಲಸವಲ್ಲ. ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಊಟ ಬಿಟ್ಟು ಬರೆಯಲು ಕೂತೆ. ವಿಳಾಸ ಬರೆದೆ. ಕೆಳಗೆ 'ವಿಷಯ' ಎಂದು ಬರೆದು ಕೇಳಿದೆ, "ಇಲ್ಲಿ ಏನಂತ ಹಾಕಲಿ?"

ನಾಗವ್ವ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ತೆರಿಗಿ ಕಟ್ಟಿದೋರ ಮನಿಗೆ ಕಂಬ ಬೇಕು ಅಂತ ಹಾಕ್ರಿ."

ಒಂದಕ್ಷರ ಬದಲಿಸದೆ ಹಾಗೇ ಬರೆದೆ. ಬಿಲ್ಲು ನೋಡಿಯೇ ಕೊಟ್ಟರೋ, ಸರದಿ ಬಂತೋ ಹೇಳಲಾರೆ. ಮುಂದಿನ ಬೇಸಿಗೆಗೆ ಆ ಹೊಲಗಳ ದಾರಿಯಲ್ಲಿ ಕಂಬ ನೆಟ್ಟರು.